ನನ್ನ ಎರಡನೆಯ ಮೂತ್ರಪಿಂಡ ಎಲ್ಲಿದೆ?

ಆಸ್ಪತ್ರೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಸ್ಕ್ಯಾನ್ ಕೋಣೆಯ ಯಂತ್ರದ ಪರದೆ ಒಡೆದವಳು ನಾನೇ. ಕುರ್ಚಿ ಎತ್ತಿ ಮೂರು ಸಲ ಬಡಿದೆ. ತಡೆಯಲು ಬಂದ ತಂತ್ರಜ್ಞನ ಮೂಗು ಮುರಿಯಿತು. ಅದರ ಶಿಕ್ಷೆ ಅನುಭವಿಸುತ್ತೇನೆ. ಆದರೆ ನನ್ನ ತಮ್ಮನ ಹೊಟ್ಟೆಯೊಳಗೆ ನನ್ನ ಮೂತ್ರಪಿಂಡವನ್ನು ಕೊಂದವರಿಗೆ ಏನು ಶಿಕ್ಷೆ ಎಂದು ನೀವು ನನಗೆ ಕಳಿಸಿದ ನೋಟಿಸಿನಲ್ಲಿ ಬರೆದಿಲ್ಲ. ಜಾಗ ಸಾಲಲಿಲ್ಲವೇ?

ನಾನು ಮಾಂಸದಂಗಡಿಯವಳು. ಇಪ್ಪತ್ತೆರಡು ವರ್ಷದಿಂದ ಕತ್ತಿ ಹಿಡಿದಿದ್ದೇನೆ. ರಕ್ತ ಹರಿಯುವ ಅಂಗ ಯಾವುದು, ಸತ್ತದ್ದು ಯಾವುದು ಎಂದು ನನಗೆ ಯಾರೂ ಪಾಠ ಹೇಳಬೇಕಿಲ್ಲ. ನನ್ನದೊಂದನ್ನು ತಮ್ಮನಿಗೆ ಜೋಡಿಸಿದ ಮೂರನೆಯ ದಿನ ಬೆಳಿಗ್ಗೆ ಅವನಿಗೆ ಮೂತ್ರ ನಿಂತಿತು. ವಾರ್ಡಿನ ವೈದ್ಯೆ, "ಈಗ್ಲೇ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಕಿಡ್ನಿಗೆ ರಕ್ತ ಹೋಗ್ತಿದೆಯಾ ಇಲ್ವಾ ಗೊತ್ತಾಗತ್ತೆ. ಹೋಗ್ತಿಲ್ಲ ಅಂದ್ರೆ ತಕ್ಷಣ ಆಪರೇಷನ್ ಮಾಡ್ಬೇಕು" ಎಂದರು. ಅವರನ್ನು ನಾನು ಬೈಯುವುದಿಲ್ಲ.

ನನ್ನ ಹೊಲಿಗೆಯನ್ನು ಕೈಯಲ್ಲಿ ಒತ್ತಿಕೊಂಡು ಅವನ ಸ್ಟ್ರೆಚರ್ ಹಿಂದೆ ಹೋದೆ. ತಂತ್ರಜ್ಞ ಅವನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಜೆಲ್ ಬಳಿದ. ಬೆನ್ನ ಕಡೆ ಇರುವುದು ಅವನ ಕೆಟ್ಟುಹೋದ ಹಳೆಯವು, ಹೊಸದನ್ನು ಕೂರಿಸಿದ್ದು ಕೆಳಹೊಟ್ಟೆಯಲ್ಲಿ. "ಅಲ್ಲಲ್ಲಪ್ಪಾ, ಇಲ್ಲಿ ಮುಂದೆ" ಎಂದೆ. "ನಮ್ ಕೆಲ್ಸ ನಮ್ಗೆ ಗೊತ್ತಮ್ಮ, ಹೊರಗಿರಿ" ಎಂದ. ಎರಡೇ ನಿಮಿಷ. ಮೇಜಿನ ಮೇಲಿನ ಕಟ್ಟಿನಿಂದ ಒಂದು ಅಚ್ಚಾದ ಹಾಳೆ ಎಳೆದು ಹೆಸರು ತುಂಬಿದ. ವೈದ್ಯರ ಸಹಿ ಮೊದಲೇ ಬಿದ್ದಿತ್ತು. "ಎರಡೂ ಮೂತ್ರಪಿಂಡಗಳಲ್ಲಿ ರಕ್ತಸಂಚಾರ ಸಹಜ." ಇಡೀ ದಿನದ ಹಾಳೆಗಳಿಗೆ ಬೆಳಿಗ್ಗೆಯೇ ಸಹಿ ಹಾಕಿಡುವುದು ನಿಮ್ಮಲ್ಲಿ ರೂಢಿಯಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆ, ರೋಗಿ ಬರುವ ಮುಂಚೆ ವರದಿ ಬರೆಯುವವರನ್ನು ನಿಮ್ಮಲ್ಲೇ ಕಂಡೆ.

ಆ ಹಾಳೆಯನ್ನು ನಂಬಿ ಸಂಜೆಯವರೆಗೆ ಕಾದರು. ಹೊಟ್ಟೆ ತೆರೆದಾಗ ರಕ್ತನಾಳ ತಿರುಚಿಕೊಂಡಿತ್ತು. ಹೊರತೆಗೆದದ್ದನ್ನು ತೋರಿಸಿ ಎಂದು ಹಟ ಹಿಡಿದೆ. ಕಪ್ಪಗಾಗಿತ್ತು. ನನ್ನ ಅಂಗಡಿಯಲ್ಲಾದರೆ ನಾಯಿಗೂ ಹಾಕುತ್ತಿರಲಿಲ್ಲ. ತಮ್ಮನಿಗೆ ಎಚ್ಚರವಾದಾಗ, "ಅಕ್ಕಾ, ನೀನು ಕೊಟ್ಟಿದ್ದನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ಬೈಬೇಡ" ಎಂದ. ಅಲ್ಲಿಂದ ನೇರವಾಗಿ ಹೋಗಿ ಕುರ್ಚಿ ಎತ್ತಿದೆ. ಕತ್ತಿ ಅಂಗಡಿಯಲ್ಲಿತ್ತು, ನಿಮ್ಮವನ ಪುಣ್ಯ.

ಮೊನ್ನೆ ನನ್ನದೇ ತಪಾಸಣೆ ಇತ್ತು. ಅದೇ ಕೋಣೆ, ಹೊಸ ಪರದೆ, ಅದೇ ಕಟ್ಟು. ಒಂದನ್ನು ಕೊಟ್ಟು ಒಂದರಲ್ಲಿ ಬದುಕಿರುವ ನನ್ನ ವರದಿಯಲ್ಲೂ ಅದೇ ಸಾಲು: "ಎರಡೂ ಮೂತ್ರಪಿಂಡಗಳಲ್ಲಿ ರಕ್ತಸಂಚಾರ ಸಹಜ."

ನಾನು ಕೇಳುವುದು ಇಷ್ಟೇ. ಆ ಕಟ್ಟನ್ನು ಆಸ್ಪತ್ರೆಯ ಅಂಗಳದಲ್ಲಿ ಎಲ್ಲರೆದುರು ಸುಡಿ. ಸುಡಲು ಮನಸ್ಸಿಲ್ಲವೆಂದರೆ, ಸಹಿ ಹಾಕಿದ ವೈದ್ಯರೇ ಬಂದು ನನ್ನ ಎರಡನೆಯದನ್ನು ಹುಡುಕಿ ತೋರಿಸಲಿ. ಸಿಕ್ಕರೆ ಅಲ್ಲೇ ಕೊಯ್ದು ತೆಗೆಯಿರಿ, ಅರಿವಳಿಕೆಯೂ ಬೇಡ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಹಾಸಿಗೆಯಲ್ಲಿ ಮಲಗುವ ನನ್ನ ತಮ್ಮನಿಗೆ ಅದು ಬೇಕಾಗಿದೆ.

ಇಂತಿ,
ನಿಮ್ಮ ಕಾಗದದಲ್ಲಿ ಮಾತ್ರ ಎರಡಿರುವ ಒಬ್ಬ ಅಕ್ಕ