ಅಕ್ಕನ ಅಳು, ನನ್ನ ಪದ್ಯ

ಮಾರ್ಚ್ ೧೨, ಬುಧವಾರ

ಮಾನ್ಯ ಸಭಿಕರೇ, ಕವಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಕೇಳುತ್ತೀರಿ. ನನಗೆ ಇವತ್ತು ಫೋನಿನಲ್ಲಿ ಬಂತು. ಭಾವ ತೀರಿಕೊಂಡು ತಿಂಗಳಾಯಿತು. ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅಕ್ಕ ಫೋನ್ ಮಾಡಿ, "ಗೊರಕೆ ನಿಲ್ಸಿ ಅಂತ ದಿನಾ ಬೈತಿದ್ದೆ ಕಣೋ. ಈಗ ಆ ಸದ್ದಿಲ್ದೆ ನಿದ್ದೇನೇ ಬರಲ್ಲ" ಎಂದು ಅತ್ತಳು.

ಸದ್ದು, ನಿದ್ದೆ. ಇಂಥ ಪ್ರಾಸಕ್ಕೆ ನಾನು ವಾರಗಟ್ಟಲೆ ತಿಣುಕುತ್ತೇನೆ. ಅವಳಿಗೆ ಅಳುವಾಗಲೇ ಕೂಡಿಬಂತು.

"ಇನ್ನೊಂದ್ಸಲ ಹೇಳಕ್ಕಾ" ಎಂದೆ. ಪಾಪ, ಮೊದಲಿಂದ ಹೇಳಿ ಮತ್ತೆ ಬಿಕ್ಕಿದಳು. "ಎಲ್ರೂ ಸಮಾಧಾನ ಮಾಡ್ಕೋ ಅಂತಾರೆ. ಕೇಳಿಸ್ಕೊಳ್ಳೋನು ನೀನೊಬ್ನೇ ಕಣೋ" ಎಂದಳು.

ಉರಿಯುವ ಮನೆಯಿಂದ ಗಳ ಹಿರಿಯುವುದಕ್ಕೇ ಸ್ಫೂರ್ತಿ ಎನ್ನುತ್ತಾರೆ, ಸಭಿಕರೇ. ಪದ್ಯ ಚೆನ್ನಾಗಿಯೇ ಬಂದಿದೆ, ಅದೇ ಸಂಕಟ.

ಸಭೆಯೂ ಇಲ್ಲ, ಸಭಿಕರೂ ಇಲ್ಲ. ಮೊದಲ ಸಲ ಅವಳ ಮಾತನ್ನು ಪೂರ್ತಿ ಬರೆದುಕೊಳ್ಳಲು ಆಗಿರಲಿಲ್ಲ. ಅದಕ್ಕೇ ಅವಳನ್ನು ಎರಡನೇ ಸಲ ಅಳುವಂತೆ ಮಾಡಿದೆ.