ಕವಲಿನ ಬಾಣಕ್ಕೆ ಒಂದೇ ಬೋಲ್ಟ್

ಫೆಬ್ರವರಿ 30, 2194
ಹಿರೇಮಡು ಕೆರೆ, ಏರಿಯ ಮೇಲಿನ ಊರು

ಹಿರೇಮಡು ಕೆರೆ ನಿಸರ್ಗಧಾಮಕ್ಕೆ ಸೈಕಲ್ ಸುತ್ತಲು ಬರುವ, ಹೆಸರು ಗೊತ್ತಿಲ್ಲದ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ ಇರಲಿಲ್ಲವೆಂದು ಬಲ್ಲೆ. ಬೇಸಿಗೆ ಮೊದಲೇ ಬಂದು ಕೂರಲು ಶುರುವಾದ ಮೇಲೆ ನಮ್ಮ ಮುತ್ತಜ್ಜಂದಿರು ಮಾರ್ಚಿನಿಂದ ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ತಂಪಿನ ತಿಂಗಳು ಉದ್ದವಾಗಲಿ ಎಂಬ ಆಸೆ. ಬಿಸಿಲು ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ ಎಂಬುದು ಆ ಪುಣ್ಯಾತ್ಮರಿಗೆ ಹೊಳೆಯಲಿಲ್ಲ. ನನ್ನ ಮಾತಿನಲ್ಲಿ ನಿಮಗೆ ಪರಿಚಯವಿಲ್ಲದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಪತ್ರ ಹಿಂದಿನ ಕಾಲಕ್ಕೆ ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ. ನನಗೆ ಭಯವಾಗಿದೆ. ಊರಿನಲ್ಲಿ ಯಾರೂ ಕಿವಿಗೊಡುತ್ತಿಲ್ಲ. ಇನ್ನು ಉಳಿದವರು ನೀವೇ.

ನನ್ನ ಹೆಸರು ದಾಕ್ಷಾಯಿಣಿ. ಸೈಕಲ್ಲಿಗೆ ಟಯರು ಹೆಣೆಯುವುದು ನನ್ನ ಕಸುಬು. ನಿಮ್ಮ ರಬ್ಬರು ನಮಗೆ ಸಿಗುವುದಿಲ್ಲ. ಕತ್ತಾಳೆ ನಾರು ಹೊಸೆದು, ಅಂಟಿನಲ್ಲಿ ನೆನೆಸಿ, ರಿಮ್ಮಿಗೆ ಬಿಗಿಯಾಗಿ ಸುತ್ತುತ್ತೇವೆ. ಚೈನಿಗೆ ಹೊಂಗೆ ಎಣ್ಣೆ. ನಾಳೆ ಬೆಳಿಗ್ಗೆ ನನ್ನ ಮಗಳು ಸುವ್ವಿ ಉಪ್ಪಿನಸುತ್ತಿಗೆ ಹೊರಡುತ್ತಾಳೆ. ಹದಿನಾರು ತುಂಬಿದ ಪ್ರತಿಯೊಬ್ಬರೂ ಎರವಲು ಸೈಕಲ್ಲಿನಲ್ಲಿ ಒಂಟಿಯಾಗಿ ಕೆರೆಯನ್ನು ಬಳಸಿ ಆಚೆ ದಡಕ್ಕೆ ಹೋಗಿ, ಅಲ್ಲಿನವರಿಂದ ಒಂದು ಚೀಲ ಉಪ್ಪು ತರಬೇಕು. ಇದೇ ಉಪ್ಪಿನಸುತ್ತು. ತಂದವರಿಗೆ ಸ್ವಂತ ಸೈಕಲ್ಲು ಸಿಗುತ್ತದೆ, ಊರಿನ ಪಂಚಾಯ್ತಿಯಲ್ಲಿ ಮಾತಾಡುವ ಹಕ್ಕು ಸಿಗುತ್ತದೆ. ತರದವರು ಏರಿ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಅರ್ಧ ದಾರಿಯಲ್ಲಿ ಒಂದು ಕವಲು ಇದೆ. ಅಲ್ಲಿ ನನ್ನ ಮಗಳು ಬಾಣ ತೋರಿಸಿದಂತೆ ಎಡಕ್ಕೆ ತಿರುಗುತ್ತಾಳೆ. ತಿರುಗಿದರೆ ಮರಳುವುದಿಲ್ಲ ಎಂದು ನನಗೆ ಭಯ.

ನಿಮ್ಮ ಕೆರೆ ಹೇಗಿತ್ತೋ ಕಾಣೆ. ನಮ್ಮದು ನೋಡಲು ಹುಲ್ಲುಗಾವಲು. ಅಂತರಗಂಗೆಯ ಕಳೆ ಬೆಳೆದು, ಕೊಳೆತು, ಅದರ ಮೇಲೆ ಧೂಳು ಕೂತು, ಧೂಳಿನಲ್ಲಿ ಹುಲ್ಲು ಹುಟ್ಟಿ, ದಡ ಯಾವುದು ನೀರು ಯಾವುದು ತಿಳಿಯದಂತಾಗಿದೆ. ಇದನ್ನು ನಾವು ಸುಳ್ಳುನೆಲ ಎನ್ನುತ್ತೇವೆ. ಕೊಕ್ಕರೆ ನಿಂತರೆ ತಡೆಯುತ್ತದೆ. ಕರು ಕಾಲಿಟ್ಟರೆ ಒಳಗೆ ಎಳೆದುಕೊಂಡು, ಏನೂ ಆಗದ ಹಾಗೆ ಹುಲ್ಲು ಮುಚ್ಚಿಕೊಳ್ಳುತ್ತದೆ. ಗಟ್ಟಿಯಾಗಿ ಉಳಿದದ್ದು ನೀವು ಜಲ್ಲಿ ಹಾಸಿ ಮಾಡಿದ ಸೈಕಲ್ ಹಾದಿ ಒಂದೇ. ನೀವು ರಜೆಯ ದಿನ ಹಕ್ಕಿ ನೋಡುತ್ತ, ನಿಂತಲ್ಲಿ ನಿಂತು ಫೋಟೋ ಹೊಡೆದುಕೊಳ್ಳುತ್ತ ಹೋದ ಹಾದಿಯಲ್ಲಿ ನಾವು ಜೀವ ಕೈಯಲ್ಲಿ ಹಿಡಿದು ಹೋಗುತ್ತೇವೆ. ನಡೆದು ಹೋಗುವಂತಿಲ್ಲ. ನಸುಕಿನಿಂದ ಬಿಸಿಲೇರುವವರೆಗಿನ ತಂಪುಹೊತ್ತಿನಲ್ಲೇ ಆಚೆ ದಡ ಮುಟ್ಟಬೇಕು, ಇಲ್ಲದಿದ್ದರೆ ಬಿಸಿಲೇ ಕೆಡವುತ್ತದೆ. ಆ ಹೊತ್ತಿನಲ್ಲಿ ಕೆರೆಯಿಂದ ಮಂಜು ಏಳುತ್ತದೆ, ತಾನು ಕೂತ ಸೈಕಲ್ಲಿನ ಮುಂದಿನ ಚಕ್ರ ಕಂಡರೆ ದೊಡ್ಡದು. ಹೀಗಾಗಿ ನೀವು ಕಂಬಕ್ಕೊಂದರಂತೆ ಬಿಗಿದು ಹೋದ ನೀಲಿ ಬಾಣಗಳೇ ನಮಗೆ ಗತಿ.

ಏರಿಯ ಬುಡದಲ್ಲಿ ನಿಮ್ಮ ನಕ್ಷೆಯ ಫಲಕ ಇನ್ನೂ ನಿಂತಿದೆ. ಹಾದಿಯ ಗೆರೆಗಳನ್ನು ತುಕ್ಕು ತಿಂದಿದೆ. ಒಂದು ಕೆಂಪು ಚುಕ್ಕೆ, ಪಕ್ಕದಲ್ಲಿ ‘ನೀವು ಇಲ್ಲಿದ್ದೀರಿ’ ಎಂಬ ಅಕ್ಷರಗಳು ಮಾತ್ರ ಉಳಿದಿವೆ. ಹೊರಡುವವರು ಆ ಚುಕ್ಕೆ ಮುಟ್ಟಿ ಹೊರಡುತ್ತಾರೆ. ಮರಳಿ ಬಂದವರ ಸುತ್ತ ಊರೆಲ್ಲ ನೆರೆದು ‘ನೀನು ಇಲ್ಲಿದ್ದೀಯ’ ಎನ್ನುತ್ತದೆ. ಅದಕ್ಕಿಂತ ದೊಡ್ಡ ಮಾತು ನಮ್ಮಲ್ಲಿಲ್ಲ. ನೀವು ಇದನ್ನು ಓದಿ ನಗಬಹುದು. ನಾವು ಅದನ್ನು ಹೇಳುವಾಗ ಎಷ್ಟೋ ಸಲ ಅತ್ತಿದ್ದೇವೆ.

ಹಾದಿಗೆ ಎರಡು ಕಟ್ಟುಪಾಡು. ಮೊದಲನೆಯದು, ಬಾಣ ಮುಟ್ಟಬಾರದು. ನಮ್ಮ ಅಜ್ಜಿಯ ಕಾಲದಲ್ಲಿ ಯಾರೋ ಬುದ್ಧಿವಂತ ಬೇರೊಂದು ತಿರುವಿನ ಬಾಣವನ್ನು ಹತ್ತಿರದ ದಾರಿ ಎಂದು ತಿರುಗಿಸಿದ. ಅವನ ಹಿಂದೆ ಮದುವೆಯ ದಿಬ್ಬಣವೇ ಹೋಗಿ ಸುಳ್ಳುನೆಲಕ್ಕೆ ಬಿತ್ತು. ಅಂದಿನಿಂದ ಹಿರಿಯರು ನಿಲ್ಲಿಸಿದ ಬಾಣ ನಿಂತಂತೆಯೇ ಇರಬೇಕು. ಎರಡನೆಯದು, ದಾರಿಯಲ್ಲಿ ಕಾಲು ಊರಬಾರದು. ನಿಂತರೆ ಹೊತ್ತು ಹೋಗುತ್ತದೆ, ಹೊತ್ತು ಹೋದರೆ ಪ್ರಾಣ ಹೋಗುತ್ತದೆ ಎಂದು ಮಾಡಿದ ನಿಯಮ ಇರಬೇಕು. ಈಗ ಅದೇ ಶಾಪವಾಗಿದೆ. ಯಾರಾದರೂ ಮರಳದಿದ್ದರೆ ‘ಕಾಲೂರಿದ’ ಎನ್ನುತ್ತಾರೆ. ನಮ್ಮಲ್ಲಿ ಸತ್ತ ಎನ್ನಲು ಬೇರೆ ಪದವೇ ಬಳಕೆಯಲ್ಲಿಲ್ಲ. ಸತ್ತವರದೇ ತಪ್ಪು ಎಂಬುದು ಆ ಪದದೊಳಗೇ ಕೂತಿದೆ.

ನನ್ನ ಅಕ್ಕ ರುದ್ರಾಣಿ ಹೋದ ಮಳೆಗಾಲದ ನಂತರ ಔಷಧಿ ತರಲು ಹೊರಟಳು. ಸವಾರರು ಕಂಬ ಕಂಬಕ್ಕೂ ಬೆಲ್ಲು ಬಾರಿಸುತ್ತಾರೆ, ಏರಿಯ ಮೇಲೆ ನಾವು ಕಿವಿ ನಿಮಿರಿಸಿ ಕೂತಿರುತ್ತೇವೆ. ಕವಲಿನವರೆಗೂ ಅವಳ ಬೆಲ್ಲು ಕೇಳಿತು. ಆಮೇಲೆ ಬರೀ ಕಪ್ಪೆಗಳ ಸದ್ದು. ನನ್ನ ಅಕ್ಕ ಎಂಥವಳು ಗೊತ್ತೇ? ತುಂಬಿದ ಕೊಡ ಹೊತ್ತು ಸೈಕಲ್ ಹೊಡೆಯುವವಳು. ಅಂಥವಳು ಕಾಲೂರಿದಳಂತೆ. ನಾನು ನಂಬಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕುಂಬಾರರ ಹುಡುಗ ಹೋದ, ಅದೇ ಕವಲಿನಲ್ಲಿ ಅವನ ಬೆಲ್ಲೂ ನಿಂತಿತು. ಆವತ್ತಿನಿಂದ ನನಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಹೋದ ವಾರ ಅಂಟು ತರುತ್ತೇನೆಂದು ಹೇಳಿ ಹೊರಟೆ. ಕವಲಿಗೆ ಬಂದು ಕಣ್ಣು ಮುಚ್ಚಿ ಕಾಲು ಊರಿದೆ. ಏನೂ ಆಗಲಿಲ್ಲ, ಕಾಲಡಿಯಲ್ಲಿ ಜಲ್ಲಿ ಕರಕರ ಎಂದಿತು. ಬಾಣದ ಹತ್ತಿರ ಹೋಗಿ ನೋಡಿದೆ. ದಾರಿಯ ಬೇರೆಲ್ಲ ಬಾಣಗಳಿಗೆ ಎರಡೆರಡು ಬೋಲ್ಟ್. ಇದಕ್ಕೆ ಒಂದೇ. ಬಾಣದ ಇನ್ನೊಂದು ತೂತು ಖಾಲಿ, ಅದಕ್ಕೆ ಜೋಡಿಯಾದ ತೂತು ಕಂಬದ ಪಟ್ಟಿಯ ಬಲತುದಿಯಲ್ಲಿದೆ. ನೀವು ನಿಲ್ಲಿಸಿದಾಗ ಬಾಣ ಬಲಕ್ಕೆ ಮುಖ ಮಾಡಿತ್ತು. ಯಾವತ್ತೋ ಒಂದು ಬೋಲ್ಟ್ ಸಡಿಲವಾಗಿ ಬಿದ್ದಿದೆ, ಬಾಣ ಉಳಿದ ಬೋಲ್ಟಿನ ಮೇಲೆ ಜೋತು ಎಡಕ್ಕೆ ತಿರುಗಿ, ಅಲ್ಲೇ ತುಕ್ಕು ಹಿಡಿದು ಕೂತಿದೆ. ಬಲದಾರಿಯ ಎರಡೂ ಅಂಚಿಗೆ ಜಾಲಿ ಮರಗಳು ಬೆಳೆದಿವೆ. ಮರ ಸುಳ್ಳುನೆಲದಲ್ಲಿ ನಿಲ್ಲುವುದಿಲ್ಲ. ಎಡದಾರಿಯ ಮಣ್ಣನ್ನು ಕೆದಕಿದರೆ ಜಲ್ಲಿ ಸಿಗಲಿಲ್ಲ, ಮರದ ಹಲಗೆ ಸಿಕ್ಕಿತು. ಹಕ್ಕಿ ನೋಡಲು ನೀರಿನ ಮೇಲೆ ಹಾಕಿದ್ದ ಕಾಲುದಾರಿ ಇರಬೇಕು. ಹಿಡಿದರೆ ಒದ್ದೆ ರೊಟ್ಟಿಯ ಹಾಗೆ ಮುರಿದು ಕೈಗೆ ಬಂತು. ಇಷ್ಟು ತಲೆಮಾರು ನಮ್ಮನ್ನು ಹೊತ್ತದ್ದು ಆ ಹಲಗೆ. ಅದು ಹೋದ ಮಳೆಗಾಲದಲ್ಲಿ ಸೋತಿದೆ. ನನ್ನ ಅಕ್ಕ ಕಾಲೂರಲಿಲ್ಲ. ಅವಳು ಬಾಣದ ಮಾತು ಕೇಳಿದಳು, ಅಷ್ಟೇ.

ಮುಂದಕ್ಕೆ ಹೋಗುವ ಧೈರ್ಯ ಬರಲಿಲ್ಲ. ವಾಪಸು ಬಂದು ಹಾದಿಯಜ್ಜನಿಗೆ ಹೇಳಿದೆ. ಹಾದಿಯಜ್ಜ ಎಂದರೆ ದಾರಿಯ ನ್ಯಾಯ ನೋಡುವ ಹಿರಿಯ, ಪಾಲಾಕ್ಷಪ್ಪ. ಕೆಟ್ಟವನಲ್ಲ, ಆ ದಿಬ್ಬಣದಲ್ಲಿ ಅವನ ತಾಯಿ ಹೋಗಿದ್ದಳು. ಅವನು ನನ್ನ ತಲೆ ಸವರಿ, “ಹಿರೀಕರು ತೋರ್ಸಿರೋ ದಿಕ್ಕು ಕಣವ್ವಾ ಅದು. ಒಂದ್ಸಲ ತಿರುವಿದ್ದಕ್ಕೆ ಊರಿಗೂರೇ ಹೆಣ ಹುಡುಕಿದ್ದು ಮರ್ತೆಯಾ? ಮಗಳ ಮ್ಯಾಲಿನ ಆಸೆಗೆ ನಿಂಗೆ ಬೋಲ್ಟು ಗೀಲ್ಟು ಎಲ್ಲಾ ಕಾಣ್ತವೆ” ಎಂದ. ಕಾಲು ಊರಿದ್ದನ್ನು ಯಾರಿಗೂ ಹೇಳಬೇಡ ಎಂದೂ ಅಂದ. ಹೇಳಿದರೆ ಊರಿನ ಲೆಕ್ಕದಲ್ಲಿ ನಾನು ಸತ್ತವಳು, ನನ್ನ ಒಲೆಯ ಬೆಂಕಿಯನ್ನೂ ಯಾರೂ ಮುಟ್ಟುವುದಿಲ್ಲ.

ಸುವ್ವಿಗೆ ಹೇಳಿದೆ. ಅವಳು ಬ್ರೇಕು ಸರಿಮಾಡುತ್ತ ತಲೆಯನ್ನೂ ಎತ್ತಲಿಲ್ಲ. “ಯವ್ವಾ, ಎಲ್ರೂ ಎಡಕ್ಕೇ ಹೋಗ್ಯಾರೆ. ನಾನೊಬ್ಳೇ ಬಲಕ್ಕೆ ತಿರುಗಿದ್ರೆ ಹೆದ್ರುಪುಕ್ಲಿ ಅಂತ ಜೀವಮಾನೆಲ್ಲಾ ಆಡ್ಕೊಂತಾರೆ. ನೀ ಸುಮ್ಕಿರು” ಎಂದಳು. ಹದಿನಾರರ ವಯಸ್ಸಿಗೆ ಸಾವಿಗಿಂತ ನಗೆಪಾಟಲಿನ ಹೆದರಿಕೆ ದೊಡ್ಡದು. ಅವಳ ಕೈ ನೋಡಿದೆ. ಇನ್ನೂ ಮಗುವಿನ ಕೈ. ಹೊಸ ಟಯರನ್ನು ನಾನೇ ಹೆಣೆದು ಹಾಕಿದ್ದೇನೆ, ಆ ಹಲಗೆಯ ಮೇಲೆ ಹೋಗಲೆಂದು.

ನಾನೇ ಬಾಣ ತಿರುಗಿಸಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆವತ್ತು ಕೈ ಹಾಕಿದೆ. ನಾನೇ ತಪ್ಪಿದ್ದರೆ? ಜಾಲಿ ಮುಗಿದ ಮೇಲೆ ಬಲದಾರಿಯೂ ಸುಳ್ಳುನೆಲವಾಗಿದ್ದರೆ? ನನ್ನ ಮಗಳೊಬ್ಬಳಲ್ಲ, ಬಾಣ ನಂಬಿ ಬರುವ ಪ್ರತಿಯೊಬ್ಬರೂ ನನ್ನ ಹಿಂದೆ ಹೋಗುತ್ತಾರೆ. ಬಾಣ ತಿರುಗಿಸಿದವನ ಹೆಸರನ್ನು ನಮ್ಮೂರಲ್ಲಿ ಮಕ್ಕಳಿಗೆ ಇಡುವುದಿಲ್ಲ. ಆ ಭಯಕ್ಕೆ ಕೈ ಹಿಂದೆಳೆದುಕೊಂಡೆ.

ಆದ್ದರಿಂದ ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆ. ಮುಂದಿನ ಸಲ ಹಿರೇಮಡು ಕೆರೆಗೆ ಬಂದಾಗ, ಕವಲಿನಲ್ಲಿ ನೀರು ಕುಡಿಯಲು ಇಳಿಯುತ್ತೀರಿ. ಸೈಕಲ್ಲನ್ನು ಆ ಕಂಬಕ್ಕೇ ಒರಗಿಸುತ್ತೀರಿ, ಅಲ್ಲಿ ಒರಗಿಸಲು ಬೇರೇನೂ ಇಲ್ಲ. ಬಾಣವನ್ನೊಮ್ಮೆ ಅಲ್ಲಾಡಿಸಿ ನೋಡಿ. ಅದರ ಒಂದು ಬೋಲ್ಟ್ ಸಡಿಲವಾಗಿದೆ. ನಿಮ್ಮ ಸೀಟಿನ ಕೆಳಗಿನ ಚೀಲದಲ್ಲಿ ಸ್ಪ್ಯಾನರ್ ಇರುತ್ತದೆ. ಬಿಗಿಮಾಡಿ. ಯಾರೋ ಸಿಬ್ಬಂದಿ ಮಾಡುತ್ತಾರೆ ಬಿಡು ಎಂದುಕೊಳ್ಳಬೇಡಿ. ನಿಮ್ಮ ಹಿಂದೆ ಬರುವವರೂ ಹಾಗೆಯೇ ಅಂದುಕೊಂಡಿರುತ್ತಾರೆ.

ನೀವು ಬಿಗಿಮಾಡಿದ್ದರೆ ನಾಳೆ ಬೆಳಿಗ್ಗೆ ಬಾಣ ಬಲಕ್ಕಿರುತ್ತದೆ. ಈ ಪತ್ರ ಬರೆದದ್ದೇ ನನಗೆ ನೆನಪಿರಲಾರದು, ಅಕ್ಕನೂ ಮನೆಯಲ್ಲಿರುತ್ತಾಳೆ. ಬಿಗಿಮಾಡದಿದ್ದರೆ ನಾನೇನು ಮಾಡುತ್ತೇನೆಂದು ಬರೆಯುತ್ತ ಬರೆಯುತ್ತ ತೀರ್ಮಾನಿಸಿದ್ದೇನೆ. ಸುವ್ವಿ ಕೆಂಪು ಚುಕ್ಕೆ ಮುಟ್ಟುವ ಮೊದಲೇ ನಾನು ಕವಲಿನಲ್ಲಿರುತ್ತೇನೆ. ಎಡದಾರಿಯ ಬಾಯಿಗೆ ಅಡ್ಡವಾಗಿ, ಎರಡೂ ಕಾಲು ಊರಿ ನಿಲ್ಲುತ್ತೇನೆ. ಅವಳು ನಿಲ್ಲಲೇಬೇಕು, ತಾಯಿಯ ಮೇಲೆ ಸೈಕಲ್ ಹತ್ತಿಸುವವಳಲ್ಲ. ಆಮೇಲೆ ಬಲದಾರಿಯಲ್ಲಿ ಮುಂದೆ ನಾನು, ಹಿಂದೆ ಅವಳು. ನೆಲ ಕುಸಿಯುವುದಿದ್ದರೆ ನನ್ನ ಚಕ್ರಕ್ಕೆ ಮೊದಲು ಕುಸಿಯಲಿ, ಅವಳಿಗೆ ಹಿಂದೆ ತಿರುಗಲು ಜಾಗ ಇರುತ್ತದೆ.

ನನಗೆ ತುಂಬ ಭಯವಾಗುತ್ತಿದೆ. ಆಚೆ ದಡ ಮುಟ್ಟಿ ಮರಳಿದರೂ, ನಡೆದದ್ದು ಹೇಳಿದ ಮೇಲೆ ಊರು ನನ್ನನ್ನು ಕಾಲೂರಿದವಳೆಂದೇ ಎಣಿಸುತ್ತದೆ, ನನ್ನ ಸುತ್ತ ಯಾರೂ ನೆರೆಯುವುದಿಲ್ಲ. ಪರವಾಗಿಲ್ಲ. ಉಪ್ಪಿನ ಚೀಲ ಇಳಿಸುವಾಗ ಅವಳ ಕಿವಿಯಲ್ಲಿ ನಾನೇ ಹೇಳುತ್ತೇನೆ, ನೀನು ಇಲ್ಲಿದ್ದೀಯ ಎಂದು.

ಸುವ್ವಿಯ ತಾಯಿ,
ದಾಕ್ಷಾಯಿಣಿ