ಬೋರಲು ತಟ್ಟೆ

ಲೋಮನ್ ಫೆರಿ, ಮಿಸಿಸಿಪ್ಪಿ
ಭಾನುವಾರ ಮಧ್ಯಾಹ್ನ, ೧೪ ಸೆಪ್ಟೆಂಬರ್ ೧೯೮೬

ಪ್ರೀತಿಯ ರೋವೀನಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಂಫಿಸ್ಸಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ದಿನವಿಡೀ ಸಿಮೆಂಟು ನೆಲದ ಮೇಲೆ ನಿಲ್ಲಬೇಕು ಎಂದು ನೀನು ಬರೆದಿದ್ದೆ. ಕಾಲಡಿಗೆ ರಬ್ಬರಿನ ಚಾಪೆಯನ್ನಾದರೂ ಹಾಕಿಸಿಕೊಟ್ಟರೇ? ಉಪ್ಪಿಲ್ಲದ ಸಾರು ಕಾಯಿಸಿ ಕಾಯಿಸಿ ನಾಲಿಗೆಯೇ ಮರೆತುಹೋಗಿದೆ ಎಂದೂ ಬರೆದಿದ್ದೆ. ಆ ಸಾಲು ನನ್ನ ತಲೆಯಲ್ಲಿ ಹಾಗೇ ಉಳಿದಿದೆ. ನಾನು ಚೆನ್ನಾಗಿದ್ದೇನೆ. ಕಾಗದದ ಮೇಲೆ ಬಿಳಿ ಬೆರಳಚ್ಚು ಕಂಡರೆ ಅದು ಮೈದಾಹಿಟ್ಟು. ಪಿಯಾನೊ ಶ್ರುತಿ ಮಾಡಿಕೊಂಡು ಊರೂರ ಚರ್ಚು ಸುತ್ತುವವನ ಕೈಗೆ ಹಿಟ್ಟು ಎಲ್ಲಿಂದ ಬಂತು ಅನ್ನುತ್ತೀ. ಅದನ್ನು ಹೇಳಲೆಂದೇ ಕೂತಿದ್ದೇನೆ. ಒಂದಾದ ಮೇಲೊಂದು ಕ್ರಮವಾಗಿ ಹೇಳುತ್ತೇನೆ.

ಹೋದ ಸೋಮವಾರ ಅಮ್ಮ ಹಿತ್ತಿಲ ಮೆಟ್ಟಿಲಿನಲ್ಲಿ ಚೆಲ್ಲಿದ್ದ ಮಜ್ಜಿಗೆಯ ಮೇಲೆ ಜಾರಿ ಬಿದ್ದಳು. ಗಾಬರಿಯಾಗಬೇಡ. ಬಲಗೈ ಮಣಿಕಟ್ಟು ಮುರಿದಿದೆ, ಮೊಣಕೈವರೆಗೆ ಪ್ಲಾಸ್ಟರ್ ಹಾಕಿದ್ದಾರೆ, ಬಾಯಿಗೇನೂ ಆಗಿಲ್ಲ. "ನಿಮ್ಮಮ್ಮ ಇದಕ್ಕಿಂತ ಹದವಾಗಿ ಹಿಟ್ಟು ಕಲಸ್ತಿದ್ಲು ಕಣಪ್ಪಾ" ಎಂದು ಪ್ಲಾಸ್ಟರ್ ಮೆತ್ತುತ್ತಿದ್ದ ಡಾಕ್ಟರಿಗೇ ಹೇಳಿ ಬಂದಿದ್ದಾಳೆ. ಮನೆಗೆ ಬಂದವಳು ಏಪ್ರನ್ ತೆಗೆದು ಮೊಳೆಗೆ ಸಿಕ್ಕಿಸಿ, ಗೋಡೆಗೆ ಹೇಳಿದ ಹಾಗೆ ಹೇಳಿದಳು: "ಊಟದಮನೆ ಬಾಗಿಲು ಹಾಕ್ತೀನಿ. ನನ್ನ ವಯಸ್ಸಲ್ಲಿ ಒಂದ್ಸಲ ಹಾಕಿದ ಬಾಗಿಲು ಮತ್ತೆ ತೆಗೆಯೋದಿಲ್ಲ." ಭಾನುವಾರದ ಅಡುಗೆ ನಾನು ಮಾಡುತ್ತೇನೆ ಎಂದು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. "ನೀನಾ? ನೀನು ನೀರು ಕಾಯಿಸಿದ್ರೂ ತಳ ಹಿಡಿಯುತ್ತಲ್ಲೋ!" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಸರಿ, ಒಂದು ಭಾನುವಾರ. ಬಟ್ಟಲು ಖಾಲಿಯಾದ್ರೆ ಬಾಗಿಲು ಇರುತ್ತೆ. ತುಂಬಿದ ಹಾಗೇ ವಾಪಸ್ ಬಂದ್ರೆ ಮುಗೀತು" ಅಂದಳು.

ಭಾನುವಾರವೆಂದರೆ ಕೋಳಿಸಾರಿನ ಕಡುಬು. ಅದಿಲ್ಲವೆಂದರೆ ಬ್ಯಾಪ್ಟಿಸ್ಟ್ ಚರ್ಚಿನವರೂ ಬರುವುದಿಲ್ಲ, ಅವರಿಗಿಂತ ಮೊದಲು ಕುರ್ಚಿ ಹಿಡಿಯಲೆಂದು ಪ್ರವಚನ ಮೊಟಕು ಮಾಡಿಸುವ ಮೆಥಡಿಸ್ಟ್ ಚರ್ಚಿನವರೂ ಬರುವುದಿಲ್ಲ. ಅಮ್ಮನದು ನಿನಗೆ ಗೊತ್ತೇ ಇದೆ: ತೆಳ್ಳಗೆ ಲಟ್ಟಿಸಿ, ಪಟ್ಟಿಪಟ್ಟಿಯಾಗಿ ಕತ್ತರಿಸಿ, ಕುದಿಯುವ ಸಾರಿಗೆ ಒಂದೊಂದಾಗಿ ಜಾರಿಸುವುದು. ನಿನ್ನೆಯೆಲ್ಲ ಲಟ್ಟಿಸಿದೆ. ಒಮ್ಮೆ ಹರಿಯಿತು, ಒಮ್ಮೆ ರಬ್ಬರಾಯಿತು, ಪಕ್ಕದಮನೆ ನಾಯಿ ಕೂಡ ಮೂಸಿ ನೋಡಿ ಹೋಯಿತು. ಕೊನೆಗೆ ಸುಮ್ಮನೆ ಒಲೆಯ ಮುಂದೆ ನಿಂತಿದ್ದಾಗ ನಿನ್ನ ಕೈ ನೆನಪಾಯಿತು. ಮುಖವಲ್ಲ, ಕೈ. ಅಮ್ಮ ಚಿಕ್ಕಮ್ಮನ ಶವಸಂಸ್ಕಾರಕ್ಕೆ ಹೋಗಿದ್ದ ದಿನ ನೀನು ಲಟ್ಟಣಿಗೆ ಮುಟ್ಟದೆ, ಹಿಟ್ಟನ್ನು ಮಜ್ಜಿಗೆಯಲ್ಲಿ ಸಡಿಲವಾಗಿ ಕಲಸಿ, ಚಮಚದಲ್ಲಿ ತೆಗೆದು ತೆಗೆದು ಸಾರಿಗೆ ಇಳಿಬಿಟ್ಟಿದ್ದೆಯಲ್ಲ, ಮೋಡದ ಹಾಗೆ ಉಬ್ಬಿದ ಉಂಡೆಗಳು. ಅಂದು ಮೇಜಿನ ನಡುವೆ ಬಟ್ಟಲುಗಳನ್ನು ಹೊತ್ತು ತಿರುಗುವ ಮರದ ಚಕ್ರ ಒಂದು ಸುತ್ತು ಮುಗಿಸುವ ಮೊದಲೇ ಬಟ್ಟಲು ಖಾಲಿಯಾಗಿತ್ತು. ಜನ ಅದನ್ನು ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. "ಒಂದು ಮನೇಲಿ ಎರಡು ಥರದ ಕಡುಬು ಬೇಯೋದಿಲ್ಲ" ಎಂದಳು ಅವಳು. ನೀನು ಪೆಟ್ಟಿಗೆ ಕಟ್ಟಿದೆ. ಹಿಟ್ಟಿನ ಉಂಡೆಗಾಗಿ ಮಗಳು ಮನೆ ಬಿಟ್ಟಳು ಎಂದರೆ ಬೇರೆ ಊರಿನವರು ನಗುತ್ತಾರೆ. ನಮ್ಮೂರಲ್ಲಿ ಯಾರೂ ನಗಲಿಲ್ಲ.

ನೀನು ಹೋದ ಮೇಲೆ ನಿನ್ನ ಕುರ್ಚಿಯಲ್ಲಿ, ಆ ಅಡುಗೆಮನೆ ಬಾಗಿಲಿಗೆ ಎದುರಿನದರಲ್ಲಿ, ಯಾರೂ ಕೂತಿಲ್ಲವೆಂದು ನಿನಗೆ ನಾನು ಬರೆದಿರಲಿಲ್ಲ. ಅಮ್ಮ ಎಂದಿನಂತೆ ಎಲ್ಲ ತಟ್ಟೆಗಳನ್ನೂ ಬೋರಲು ಹಾಕಿಡುತ್ತಾಳೆ. ಪ್ರಾರ್ಥನೆ ಮುಗಿದ ಮೇಲೆ ಅವರವರ ತಟ್ಟೆ ಅವರವರು ಮಗುಚಿಕೊಳ್ಳುತ್ತಾರೆ. ನಿನ್ನದು ಮಾತ್ರ ಊಟ ಮುಗಿಯುವವರೆಗೂ ಬೋರಲಾಗಿಯೇ ಇರುತ್ತದೆ. ಹೊಸಬರು ಕೂರಲು ಹೋದರೆ ಪೋಸ್ಟಾಫೀಸಿನ ಮಿಸ್ ಜೆನೀವಾ ಅವರ ತೋಳು ಹಿಡಿದು ಈಚೆಗೆ ಎಳೆದುಕೊಳ್ಳುತ್ತಾಳೆ.

ಇವತ್ತು ನಾನು ಕಡುಬನ್ನು ನಿನ್ನ ಥರವೇ ಮಾಡಿದೆ, ಅಕ್ಕಾ. ಬೇರೆ ದಾರಿ ಇರಲಿಲ್ಲ. ಇದ್ದಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಅಮ್ಮ ಮನೆಯೊಳಗೇ ಇರುತ್ತಾಳೆ ಎಂದುಕೊಂಡಿದ್ದೆ. ಆದರೆ ಜನ ಬಂದು ತುಂಬಿಕೊಂಡರು, ಚರ್ಚಿನ ಹಿರಿಯರಾದ ಡೀಕನ್ ಹೋಸಿಯಾ ಬಾಗಿಲಲ್ಲೇ "ಏನಯ್ಯಾ ಥರ್ಮನ್, ಶ್ರುತಿ ಹಿಡಿಯೋ ಕೈಲಿ ಹಿಟ್ಟು ಕಲಸಿದ್ದೀಯಂತೆ, ತಿಂದ ಮೇಲೆ ನಮ್ಮ ಹೊಟ್ಟೆ ಯಾವ ಸ್ವರದಲ್ಲಿ ಹಾಡುತ್ತೋ!" ಎಂದು ಕೂಗಿದರು, ಎಲ್ಲರೂ ನಕ್ಕರು, ಆ ನಗು ಇದ್ದಕ್ಕಿದ್ದಂತೆ ನಿಂತಿತು. ತಿರುಗಿ ನೋಡಿದರೆ ಅಮ್ಮ. ಹುಟ್ಟಿದಾಗಿನಿಂದ ನಾನು ಅವಳು ಆ ಮೇಜಿಗೆ ಕೂತದ್ದನ್ನು ಕಂಡಿಲ್ಲ. ಅವಳು ಉಣ್ಣುವುದು ಒಲೆಯ ಪಕ್ಕ, ನಿಂತು. ಇವತ್ತು ಅವಳಿಗೆ ನಿಲ್ಲಲು ಜಾಗವಿರಲಿಲ್ಲ, ಅಲ್ಲಿ ನಾನಿದ್ದೆ. ಉಳಿದದ್ದು ಒಂದೇ ಕುರ್ಚಿ, ನಿನ್ನದು. ಕೂತಳು. ಡೀಕನ್ನರು ಪ್ರಾರ್ಥನೆ ಹೇಳಿದರು, ಸುತ್ತಲೂ ತಟ್ಟೆಗಳು ಸದ್ದಾದವು, ಅವಳ ಮುಂದಿನದು ಸದ್ದಾಗಲಿಲ್ಲ.

ಆಮೇಲಿನದನ್ನು ನಾನು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಒಲೆಗೆ ಮುಖ ಮಾಡಿ ನಿಂತು ಕೇಳಿದೆ, ಅದೊಂದು ನನಗೆ ಬರುತ್ತದೆ. ಮೇಜಿನ ನಡುವಿನ ಚಕ್ರ ತಿರುಗತೊಡಗಿತು. ಅಲಸಂದೆ, ಹುರಿದ ಬೆಂಡೆಕಾಯಿ, ಸೊಪ್ಪು, ಎಲ್ಲದರ ನಡುವೆ ನಿನ್ನ ಕಡುಬು. ಯಾರದಾದರೂ ಸೌಟು ಬಟ್ಟಲಲ್ಲಿದ್ದರೆ ಚಕ್ರ ತಳ್ಳಬಾರದಲ್ಲ, ಹಾಗಾಗಿ ಎಲ್ಲಿ ಎಷ್ಟು ಹೊತ್ತು ನಿಂತಿತು ಎನ್ನುವುದರಿಂದಲೇ ಯಾರು ಎಷ್ಟು ಬಡಿಸಿಕೊಂಡರು ಎಂದು ತಿಳಿಯುತ್ತದೆ. ಡೀಕನ್ನರ ಹತ್ತಿರ ಬಹಳ ಹೊತ್ತು ನಿಂತಿತು. ನಿನ್ನ ಕುರ್ಚಿಯ ಹತ್ತಿರ ಅದು ಕಿರುಗುಟ್ಟುತ್ತದೆ, ನೆನಪಿದೆಯಾ? ಕಿರುಗುಟ್ಟಿತು, ನಿಲ್ಲದೆ ಮುಂದೆ ಹೋಯಿತು. ಮತ್ತೊಂದು ಸುತ್ತು ಬಂತು, ಮತ್ತೆ ಕಿರುಗುಟ್ಟಿ ಮುಂದೆ ಹೋಯಿತು. ಜೆನೀವಾ ತಡೆಯಲಾರದೆ ಅಮ್ಮನ ಹೆಸರು ಹಿಡಿದೇ, "ಓಸೀ, ಇನ್ನೊಂದು ಸುತ್ತಿಗೆ ತಳ ಕಾಣುತ್ತೆ ಕಣೇ, ಆಮೇಲೆ ನನ್ನ ಬೈಬೇಡ" ಅಂದಳು. ಮೂರನೇ ಸಲ ಕಿರುಗುಟ್ಟಿತು. ನಿಂತಿತು. ಆಮೇಲೆ ಪಿಂಗಾಣಿ ತಟ್ಟೆಯೊಂದು ಎಡಗೈಯಲ್ಲಿ, ಒಡ್ಡೊಡ್ಡಾಗಿ, ಮಗುಚಿಕೊಂಡ ಸದ್ದು. ಅಕ್ಕಾ, ಎಷ್ಟೋ ಪಿಯಾನೊಗಳ ತಂತಿ ಬಿಗಿದಿದ್ದೇನೆ, ಒಂದಕ್ಕೂ ಹಾಗೆ ಕಿವಿಗೊಟ್ಟಿರಲಿಲ್ಲ.

ಬಟ್ಟಲು ಒರೆಸಿದ ಹಾಗೆ ಖಾಲಿಯಾಗಿ ಬಂತು. "ಇದು ಆ ಹುಡುಗಿ ಕೈರುಚಿ, ಥರ್ಮನ್ನನದ್ದಲ್ಲ" ಎಂದು ಡೀಕನ್ನರು ಜೋರಾಗಿಯೇ ಹೇಳಿದರು, ಬೇಕೆಂದೇ. ಎಲ್ಲರೂ ಹೋದ ಮೇಲೂ ಅಮ್ಮ ಅಲ್ಲೇ ಕೂತಿದ್ದಳು. ನಾನು ಪಾತ್ರೆ ಎತ್ತಲು ಹೋದಾಗ, ಉಪ್ಪು ಕಡಿಮೆ, ಮೆಣಸು ಹೆಚ್ಚು ಎಂದು ಮೊದಲು ಹೇಳಿದಳು. ಆಮೇಲೆ ಅಡುಗೆಮನೆ ಬಾಗಿಲ ಕಡೆಗೆ ನೋಡುತ್ತ, "ಇಲ್ಲಿ ಕೂತ್ರೆ ಅಡುಗೆ ಮಾಡೋರ ಬೆನ್ನು ಮಾತ್ರ ಕಾಣೋದು ಕಣೋ. ಇಷ್ಟೊತ್ತೂ ನಿನ್ನ ಬೆನ್ನು ನೋಡಿ ನೋಡಿ ಸಾಕಾಯ್ತು. ಅವಳು ಎಷ್ಟು ವರ್ಷ ಕೂತಿದ್ಲೋ" ಅಂದಳು. ನಾನು ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಮಂಡಿಗೆ ಎಣ್ಣೆ ಹಚ್ಚಿಕೋ, ಬೆಚ್ಚಗಿರು. ಡೀಕನ್ನರೂ ಜೆನೀವಾಳೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ದೇವರು ನಿನ್ನ ಒಲೆಯನ್ನು ಆರದಂತೆ ಇಟ್ಟಿರಲಿ.

ನಿನ್ನ ತಮ್ಮ,
ಥರ್ಮನ್

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಅಮ್ಮ ಬಂದು ಬೆನ್ನ ಹಿಂದೆ ನಿಂತಿದ್ದಾಳೆ. ಬರಿ ಅನ್ನುತ್ತಿದ್ದಾಳೆ. ಅಕ್ಟೋಬರಿನಲ್ಲಿ ಚರ್ಚಿನ ಹಬ್ಬಕ್ಕೆ ಊರಿಗೂರೇ ಬರುತ್ತದೆ, ಆ ದಿನ ಎರಡು ಪಾತ್ರೆ ಇಡಬೇಕಂತೆ, ಒಂದರಲ್ಲಿ ಪಟ್ಟಿ, ಒಂದರಲ್ಲಿ ಉಂಡೆ. ಪಟ್ಟಿ ತಾನು ಒಂದೇ ಕೈಲಿ ಹೇಗೋ ಮಾಡುತ್ತಾಳಂತೆ. ಉಂಡೆಯ ಪಾತ್ರೆಗೆ ನನ್ನನ್ನು ಮಾತ್ರ ಬಿಡುವುದಿಲ್ಲವಂತೆ. ಇನ್ನೊಂದು ಮಾತು: ನಿನ್ನ ತಟ್ಟೆಯನ್ನು ಎಡಗೈಯಲ್ಲೇ ತೊಳೆದು ಮೇಜಿಗೆ ಹಾಕದೆ, ತಾನು ನಿಂತು ಉಣ್ಣುವ ಒಲೆಯ ಪಕ್ಕ ಇಟ್ಟಿದ್ದಾಳೆ, ತನ್ನ ತಟ್ಟೆಯ ಮೇಲೆ. ಕುರ್ಚಿಯಲ್ಲಿ ನಾಳೆಯಿಂದ ಯಾರು ಬೇಕಾದರೂ ಕೂರಬಹುದು. ನೀನು ಮುಂಬಾಗಿಲಿಗೆ ಹೋಗಬೇಡ, ಹಿತ್ತಿಲ ಕಡೆಯಿಂದ ಬಾ. ಮೆಟ್ಟಿಲು ಒರೆಸಿಟ್ಟಿದ್ದೇನೆ.